ಸುವರ್ಣಮ್ಮನ ಬಾಡದ ಹೂವು

“ಇದು ಕಾಗ್ದದ್ದು ಕಣಕ್ಕಾ. ಮ್ಯಾಲೆ ಮೇಣ ಬಳ್ದವ್ರೆ,” ಎಂದಳು ಎದುರುಮನೆಯ ರೇವಮ್ಮ, ಜಗಲಿಯ ಕುಂಡದ ಹೂವಿನ ಮುಂದೆ ಕುಕ್ಕರುಗಾಲಲ್ಲಿ ಕೂತು.

ಸುವರ್ಣಮ್ಮನಿಗೆ ಮೈಯೆಲ್ಲ ಉರಿಯಿತು. ಬ್ಲಾಕ್ ಆಫೀಸಿನ ಗುಮಾಸ್ತ ಹೊನ್ನಯ್ಯ, ಅವಳ ಗಂಡ, ಸಕಲೇಶಪುರದ ಕಡೆಯಿಂದ ಆ ಆಂಥೂರಿಯಂ ಸಸಿ ತಂದುಕೊಟ್ಟು ಒಂದೂವರೆ ವರ್ಷವಾಗಿತ್ತು. ಅರಕಲಗೂಡಿನಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಇಟ್ಟಿಗೆ ಚೂರು, ಇದ್ದಿಲು, ತೆಂಗಿನ ನಾರು ತುಂಬಿದ ಕುಂಡದಲ್ಲಿ ನೆಟ್ಟು, ಬೇಸಿಗೆಯಲ್ಲಿ ಸುತ್ತ ಒದ್ದೆ ಗೋಣಿ ಕಟ್ಟಿ, ಎಲೆಯ ದೂಳನ್ನು ದಿನವೂ ಒರೆಸಿ ಸಾಕಿದ್ದಳು. “ನನ್ನ ಮುಖಾನಾದ್ರೂ ಇಂಗೆ ಒಂದಿನ ಒರ್ಸಿದ್ಯಾ?” ಎಂದು ಹೊನ್ನಯ್ಯ ರೇಗಿಸುತ್ತಿದ್ದ. ಈಗ ಒಂದೇ ಒಂದು ಹೂ ಬಿಟ್ಟಿತ್ತು. ಅಂಗೈಯಗಲ, ಕುಂಕುಮದ ಕೆಂಪು, ಎಣ್ಣೆ ಸವರಿದಂಥ ಹೊಳಪು.

“ವಾಸ್ನೆ ಎಲ್ಲೈತೆ ಯೋಳು?” ರೇವಮ್ಮ ಬಿಡಲಿಲ್ಲ.

“ಇದು ವಾಸ್ನೆ ಹೂವಲ್ಲ ಕಣೆ.”

“ವಾಸ್ನೆ ಇಲ್ಲ, ಮುಡ್ಯಂಗಿಲ್ಲ, ದೇವ್ರಿಗೂ ಆಗಕಿಲ್ಲ. ಅಂಗಾರೆ ಕಾಗ್ದದ್ದೇ.”

ಮಾತು ಬಾವಿಕಟ್ಟೆಗೆ ಹೋಯಿತು. ಸುವರ್ಣಮ್ಮ ಹಾಸನದ ಸಂತೆಯಿಂದ ತಂದು ದಾರದಲ್ಲಿ ಕಟ್ಟಿದ್ದಾಳೆ ಎಂದು ಯಾರೋ ಸೇರಿಸಿದರು. ಎಂಟು ದಿನವಾಯಿತು, ಹದಿನೈದಾಯಿತು. ಹೂವು ಮಾತ್ರ ಮೊದಲ ದಿನ ಇದ್ದ ಹಾಗೇ ಇತ್ತು. ಅದು ಕಳೆಕಳೆಯಾಗಿದ್ದಷ್ಟೂ ಊರಿನ ಅನುಮಾನ ಗಟ್ಟಿಯಾಯಿತು. ದಿಟದ ಹೂವಾಗಿದ್ದರೆ ಇಷ್ಟೊತ್ತಿಗೆ ಬಾಡಬೇಡವೇ? ಸುವರ್ಣಮ್ಮ ಹೆಂಗಸರಿಲ್ಲದ ಹೊತ್ತು ನೋಡಿ ನೀರಿಗೆ ಹೋಗತೊಡಗಿದಳು.

“ಕಿತ್ತು ಹರ್ದು ತೋರ್ಸ್‌ಬುಡು, ಮುಗ್ದೋಯ್ತದೆ,” ಎಂದ ಹೊನ್ನಯ್ಯ.

ಅದಕ್ಕೆ ಅವಳ ಕೈ ಬರಲಿಲ್ಲ. ಹೂ ಬಿಡಲಿ ಎಂದು ಒಂದೂವರೆ ವರ್ಷ ಹರಕೆ ಹೊತ್ತು ಕಾದವಳು ಈಗ ಬೆಳಗೆದ್ದರೆ ಕುಂಡಕ್ಕೆ ಬಗ್ಗಿ, ಎಲ್ಲಾದರೂ ಒಂದು ಕಲೆ ಕಂಡೀತೇ ಎಂದು ಹುಡುಕುತ್ತಿದ್ದಳು.

ನಲವತ್ತನೆಯ ದಿನ ಹೂವಿನ ಅಂಚು ಕಂದುಬಣ್ಣಕ್ಕೆ ತಿರುಗಿ ಸುರುಟಿತ್ತು. ಸುವರ್ಣಮ್ಮ ಬಿಚ್ಚಿದ ತಲೆಗೂದಲಲ್ಲೇ ಬೀದಿ ದಾಟಿ ಓಡಿ, ಮುದ್ದೆ ತಿರುವುತ್ತಿದ್ದ ರೇವಮ್ಮನನ್ನು ರಟ್ಟೆ ಹಿಡಿದು ಎಳೆತಂದಳು.

“ನೋಡೇ! ಬಾಡೈತೆ! ಕಣ್ಬುಟ್ಟು ನೋಡು!” ಅವಳ ಮುಖ ಹಬ್ಬದ ಮನೆಯಂತೆ ಅರಳಿತ್ತು.

ರೇವಮ್ಮ ಬಗ್ಗಿ, ಹಿಟ್ಟಿನ ಬೆರಳಲ್ಲಿ ಸುರುಟಿದ ಅಂಚನ್ನು ಮೆಲ್ಲಗೆ ಮುಟ್ಟಿದಳು. ಆಮೇಲೆ ನಿಟ್ಟುಸಿರುಬಿಟ್ಟು ಎದ್ದಳು.

“ದಿಟವಾದ್ದೇ ಕಣಕ್ಕಾ,” ಎಂದಳು. “ಕಾಗ್ದದ್ದೇ ಚೆಂದಾಗಿತ್ತು.”