ದೂಜಣ್ಣ ಹೋಟೆಲ್ ಕೊಟ್ಟದ್ದು

ಇದೊಂದು ಕೇಳಿ, ಚಹಾ ಆರಿದರೂ ಪರವಾಗಿಲ್ಲ. ೧೯೫೪ರಲ್ಲಿ ಮಿಲ್ಲುಗಳ ಪೇಟೆ ಬೈಕುಲ್ಲಾದ ದೂಜಣ್ಣ ತನ್ನ ಇಡೀ ಹೋಟೆಲನ್ನು ಒಂದು ಮುಷ್ಟಿ ಮಣ್ಣಿನಲ್ಲಿ ದಾನ ಮಾಡಲು ಹೊರಟ.

ಪಡೆಯುವವ ತಂಗಿಯ ಮಗ ಸದಾನಂದ. ಬಿಟ್ಟು ಬಂದ ಊರಿನ ಅಳಿಯಕಟ್ಟಿನ ಪ್ರಕಾರ ಆಸ್ತಿ ಹೆಂಡತಿಗಲ್ಲ, ಸೋದರಳಿಯನಿಗೆ. ಆದರೆ ರಿಜಿಸ್ಟ್ರಿ ಫೀಸು ಎಂದರೆ ದೂಜಣ್ಣನಿಗೆ ಹೊಟ್ಟೆಯುರಿ. ಲಾ ಕಾಲೇಜಿಗೆ ಹೊಸದಾಗಿ ಸೇರಿದ ಸದಾನಂದನಿಗೋ, ಬೆಳಿಗ್ಗೆ ಕಲಿತದ್ದನ್ನು ಸಂಜೆಯೊಳಗೆ ಖರ್ಚು ಮಾಡುವ ಆತುರ.

“ಮಾವ, ಹಿಂದೆ ಇಂಗ್ಲೆಂಡಿನಲ್ಲಿ ಕಾಗದವೂ ಇಲ್ಲ, ಫೀಸೂ ಇಲ್ಲ. ಜಾಗದಲ್ಲೇ ನಿಂತು ಒಂದು ಹೆಂಟೆ ಮಣ್ಣು ಕೈಗಿಟ್ಟರೆ ಮುಗೀತು. ಕೊಡುವವ, ಪಡೆಯುವವ ಬಿಟ್ಟು ಒಳಗೆ ಒಂದು ನರಪಿಳ್ಳೆ ಇರ್ಬಾರ್ದು. ಇದ್ರೆ ಎಲ್ಲ ರದ್ದು.”

“ಭಾರಿ ಬುದ್ಧಿವಂತರು ಮಾರಾಯ! ಸುಮ್ನೆ ನಮ್ಮನ್ನು ಆಳಿದ್ದಲ್ಲ!”

ಅಡುಗೆಮನೆಯಿಂದ ಹೆಂಡತಿ ವಾರಿಜಾ ಇಣುಕಿದಳು. ಮದುವೆಯಾದಂದಿನಿಂದ ಅಲ್ಲಿ ಹಿಟ್ಟು ರುಬ್ಬಿದವಳು. “ಹೋಟೆಲ್ ಇವನಿಗಾದ್ರೆ ನಾನೆಲ್ಲಿಗೆ?”

“ನಿಂಗೆ ತಾಯಿಮನೆ ಉಂಟಲ್ಲ,” ಎಂದ ದೂಜಣ್ಣ.

“ಹೆದರ್ಬೇಡಿ ಅತ್ತೆ, ಇಂಗ್ಲಿಷರಲ್ಲಿ ವಿಧವೆಗೆ ಮೂರರಲ್ಲೊಂದು ಪಾಲು. ಬದುಕಿರುವವರೆಗೆ ಅನುಭವಿಸ್ಬಹುದು.”

“ಹಾಗಾದ್ರೆ ಮೊದಲು ನಿನ್ನ ಮಾವ ಸಾಯ್ಬೇಕು. ಇವತ್ತೇ ಆಗ್ತದಾ ಕೇಳು.”

ದೂಜಣ್ಣ ಕೆಮ್ಮಿ ಮಾತು ತಿರುಗಿಸಿದ. ಗಿರಾಕಿಗಳನ್ನೂ ಸಪ್ಲಾಯರುಗಳನ್ನೂ ಫುಟ್‌ಪಾತಿಗೆ ಅಟ್ಟಿ ಬಾಗಿಲು ಹಾಕಿದರು. ನೆಲಕ್ಕೆಲ್ಲ ಕಲ್ಲುಹಾಸು, ಮಣ್ಣೆಂದರೆ ಹಿಂದಿನ ನಳದ ಬುಡದಲ್ಲಿ ಪಾತ್ರೆ ತೊಳೆದ ಕೆಸರು. ದೂಜಣ್ಣ ಅದನ್ನೇ ಬಗೆದು, ಕಣ್ಣು ಮುಚ್ಚಿ, ಅಳಿಯನ ಅಂಗೈಗಿಟ್ಟ.

ಅಡುಗೆಮನೆಯಲ್ಲಿ ಸೌಟು ಬಡಿದ ಸದ್ದಾಯಿತು.

“ಅತ್ತೆ, ನೀವಿನ್ನೂ ಒಳಗಾ?”

“ಮತ್ತೆ? ಈಗ ರದ್ದಾಯ್ತಲ್ಲ?”

“ಎರಡು ನಿಮಿಷ ಹೊರಗೆ ಬಂದ್ರೆ ಇನ್ನೊಮ್ಮೆ...”

“ಬರುದಿಲ್ಲ. ಇವತ್ತೂ ಇಲ್ಲ, ನಾಳೆಯೂ ಇಲ್ಲ. ನಾನಿರುವಷ್ಟು ದಿನ ನೀವಿಬ್ರೂ ಕೆಸರು ಬಗೀತಾ ಇರಿ.”

ದೂಜಣ್ಣ ಅಳಿಯನ ಮುಖ ನೋಡಿದ. ಅಳಿಯ ಇಂಗ್ಲೆಂಡಿನ ದಿಕ್ಕು ನೋಡಿದ. ಅಷ್ಟರಲ್ಲಿ ಹೊರಗೆ ಹಸಿದ ಮಿಲ್ಲಿನವರು ಬಾಗಿಲು ಗುದ್ದತೊಡಗಿದರು. ವಾರಿಜಾ ಸೆರಗಿಗೆ ಕೈ ಒರೆಸುತ್ತ ಬಂದು ಬಾಗಿಲು ತೆರೆದಳು. ಹಾಗೇ ಹೋಗಿ ಗಲ್ಲಾದ ಕುರ್ಚಿಯಲ್ಲಿ ಕುಳಿತಳು. ದೂಜಣ್ಣ ಪಕ್ಕಕ್ಕೆ ಸರಿದು ಗಿರಾಕಿಗಳಿಗೆ ದಾರಿ ಬಿಟ್ಟ.

“ಸದಾನಂದ, ಕೈ ತೊಳ್ಕೊಂಡು ಬಾ. ಕಿಟಕಿ ಹತ್ರದವರಿಗೆ ಇಡ್ಲಿ ಕೊಡು,” ಎಂದಳು ಗಲ್ಲಾದಿಂದಲೇ.

ಅವನ ಬೆರಳ ಸಂದಿಯಿಂದ ಕೆಸರು, ಅಂದರೆ ಇಡೀ ಹೋಟೆಲು, ತೊಟ್ಟಿಕ್ಕುತ್ತಿತ್ತು. ನೀವಾಗಿದ್ದರೆ ಕೈ ತೊಳೆಯುತ್ತಿದ್ದಿರಾ?