ಚಿಪ್ಪಿನ ಮಾತ್ರೆ

ಕೀಮೊ ಶುರುವಾದ ಮೇಲೆ ಅತ್ತೆಗೆ ಎರಡು ತುತ್ತು ಅನ್ನವೂ ಇಳಿಯುತ್ತಿರಲಿಲ್ಲ. ಡಾಕ್ಟರು ಒಂದು ಮಾತ್ರೆಯ ವಿಷಯ ಹೇಳಿದರು. ಸಮುದ್ರದ ಚಿಪ್ಪುಮೀನಿನಿಂದ ತೆಗೆದದ್ದು. ಅದು ಕ್ಯಾನ್ಸರ್ ವಾಸಿ ಮಾಡುವುದಿಲ್ಲ, ಸುಸ್ತು ಕಡಿಮೆ ಮಾಡುತ್ತದೆಯೇ ಎಂದು ಪರೀಕ್ಷಿಸುತ್ತಿದ್ದಾರೆ. ಅರ್ಧ ಜನರಿಗೆ ಅದೇ ಬಣ್ಣದ, ಬರೀ ಅಕ್ಕಿಹಿಟ್ಟಿನ ಮಾತ್ರೆ ಕೊಡುತ್ತಾರೆ. ಯಾರಿಗೆ ಯಾವುದು ಎಂಬುದು ಮೂರು ತಿಂಗಳಾದ ಮೇಲೆ ತಿಳಿಯುತ್ತದೆ.

ಈರುಳ್ಳಿಯನ್ನೂ ಮುಟ್ಟದ ಅತ್ತೆ ಒಪ್ಪುತ್ತಾರೆಂದು ನಾನು ಎಣಿಸಿರಲಿಲ್ಲ. "ನಿನ್ನ ಮಗಳು ನನ್ನ ಬಿಟ್ಟು ಮಲಗಲ್ಲವಲ್ಲ, ಅದಕ್ಕೆ" ಎನ್ನುತ್ತಾ ಸಹಿ ಹಾಕಿದರು.

ಅಂದಿನಿಂದ ದೇವರ ಮನೆಯ ಹೊಸ್ತಿಲು ದಾಟಲಿಲ್ಲ. "ಹೊಟ್ಟೆಯಲ್ಲಿ ಏನಿದೆಯೋ ಯಾರಿಗೆ ಗೊತ್ತು. ದೀಪ ನೀನೇ ಹಚ್ಚು" ಎಂದರು. ಮಾತ್ರೆ ನುಂಗಿದಾಗಲೆಲ್ಲ ಮೂರು ಸಲ ಬಾಯಿ ಮುಕ್ಕಳಿಸುತ್ತಿದ್ದರು. ನಾನು ದೀಪ ಹಚ್ಚುವಾಗ ಅಡುಗೆಮನೆಯ ಬಾಗಿಲಲ್ಲೇ ನಿಂತು ಕೈ ಮುಗಿಯುತ್ತಿದ್ದರು.

ಇವತ್ತು ಆಸ್ಪತ್ರೆಯಿಂದ ಫೋನ್ ಬಂತು. ಹುರುಳಿಕಾಯಿ ಹೆಚ್ಚುತ್ತಿದ್ದವಳು ಅದನ್ನು ಅಲ್ಲಿಗೇ ಬಿಟ್ಟು ಅವರ ಕೋಣೆಗೆ ಓಡಿದೆ.

"ಅತ್ತೆ, ನಿಮಗೆ ಕೊಟ್ಟಿದ್ದು ಬರೀ ಅಕ್ಕಿಹಿಟ್ಟಂತೆ. ಮೈಲಿಗೆ ಏನೂ ಆಗಿಲ್ಲ. ಏಳಿ, ಸ್ನಾನಕ್ಕೆ ನೀರು ಕಾಯಿಸ್ತೀನಿ. ಇವತ್ತು ನೀವೇ ಪೂಜೆ ಮಾಡಿ."

ಅತ್ತೆ ಕೂದಲಿಲ್ಲದ ತಲೆಯ ಮೇಲೆ ಸೆರಗು ಎಳೆದುಕೊಂಡರು.

"ಡಾಕ್ಟರನ್ನ ಕೇಳಮ್ಮ," ಎಂದರು, "ನಿಜವಾದದ್ದನ್ನ ಈಗಲಾದರೂ ಕೊಡ್ತಾರಾ ಅಂತ."