ಒಂದು ಮೊರ ತೌಡು

"ಬಂದ ನೋಡೇ ನಿನ್ನ ಗಿರಾಕಿ," ಎಂದ ವೆಂಕಟರಮಣಪ್ಪ, ಗಲ್ಲಾದ ಹಿಂದಿನಿಂದ. ದನಿಯಲ್ಲಿ ನಗೆಯಿರಲಿಲ್ಲ.

ಅವನ ಹೆಂಡತಿ ಮುನಿರತ್ನಮ್ಮ ಒಲೆ ಬಿಟ್ಟು ಬಾಗಿಲಿಗೆ ಬಂದಳು. ಬೆಳಗಿನ ಇಡ್ಲಿಯ ಗದ್ದಲ ಮುಗಿದು, ಊಟದ ಹೊತ್ತು ಇನ್ನೂ ದೂರವಿದ್ದು, ಹೊಸಕೋಟೆಯ ಬಸ್‌ಸ್ಟ್ಯಾಂಡೇ ತೂಕಡಿಸುವ ವೇಳೆ. ಆ ವೇಳೆಯನ್ನೇ ಆರಿಸಿಕೊಂಡು ಆ ಗಿರಾಕಿ ಈ ವಾರವೆಲ್ಲ ಅವರ ಹೋಟೆಲಿಗೆ ಬರುತ್ತಿದ್ದ. ಹೆಸರು ಚಿಕ್ಕಬೀರಪ್ಪ. ಹೆಗಲಿಗೆ ಹರಕು ಕಂಬಳಿ. ತೋಳಿನಲ್ಲಿ, ಹೊಚ್ಚ ಹೊಸ ಕಂಬಳಿಯ ತುಂಡಿನೊಳಗೆ, ಒಂದು ಹೆಣ್ಣು ಕೂಸು. ತಾಯಿ ಹೆರಿಗೆಯಲ್ಲೇ ತೀರಿಕೊಂಡಳೆಂದು ಮೊದಲ ದಿನ ಹೇಳಿದ್ದ. ಅದರಾಚೆಗೆ ಅವನು ಮಾತಿನವನಲ್ಲ.

ಒಂದು ಉಪ್ಪಿಟ್ಟು, ಒಂದು ಬೆಲ್ಲದ ಕಾಫಿ, ಕೂಸಿಗೆ ಹಾಲು. ಯುದ್ಧದ ಕಾಲ, ಸಕ್ಕರೆ ಕಣ್ಣಿಗೂ ಬೀಳುತ್ತಿರಲಿಲ್ಲ. ಒಳಗೆ ಬೆಂಚುಗಳೆಲ್ಲ ಖಾಲಿಯಿದ್ದರೂ ಅವನು ಕೂರುವುದು ಹೊರಗಿನ ಜಗಲಿಯ ತುದಿಯಲ್ಲಿ. ಕಾಫಿ ಕುಡಿಯುವುದು ತಾನೇ ತಂದ ಹಿತ್ತಾಳೆ ಲೋಟದಲ್ಲಿ. ಕುಡಿದು, ತಾನೇ ತೊಳೆದು, ಕಂಬಳಿಯ ಮಡಿಕೆಗೆ ಸೇರಿಸಿಬಿಡುತ್ತಿದ್ದ.

"ನಮ್ಮ ಲೋಟ ಮುಟ್ಟಿದ್ರೆ ಸಾಹುಕಾರ್ರಿಗೆ ಮೈಲಿಗೆ ಆಗ್ತದೆ," ಎಂದು ವೆಂಕಟರಮಣಪ್ಪ ಗೊಣಗುತ್ತಿದ್ದ.

ಚಿಕ್ಕಬೀರಪ್ಪ ಕೂಸನ್ನು ಮುದ್ದಿಸಿದ್ದನ್ನು ಯಾರೂ ಕಂಡಿರಲಿಲ್ಲ. ಅದು ಕೈಚಾಚಿ ಗಡ್ಡ ಹಿಡಿಯಹೋದರೆ ಮೋರೆ ತಿರುಗಿಸುತ್ತಿದ್ದ. ತಲೆವಸ್ತ್ರದ ತುದಿಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದ.

ಪೆಟ್ರೋಲ್ ಸಿಗದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸಿನ ಡ್ರೈವರ್ ಅಪ್ಪಯ್ಯಣ್ಣ ನಿನ್ನೆ ಬೇರೊಂದು ಸುದ್ದಿ ತಂದಿದ್ದ. "ಇವನ್ನ ದೇವನಹಳ್ಳೀಲೂ ಕಂಡಿದೀನಿ ಕಣಪ್ಪಾ. ಕೋಟೆ ಹತ್ರದ ಹೋಟ್ಲು, ಇದೇ ಕೂಸು, ಇದೇ ಉಪ್ಪಿಟ್ಟು. ನೆಲಮಂಗಲದಲ್ಲೂ ಅಷ್ಟೆ. ತಿನ್ನೋದು ಕಮ್ಮಿ, ಒಲೆ ಮುಂದಿನ ಹೆಂಗಸ್ರನ್ನ ನೋಡೋದು ಜಾಸ್ತಿ."

"ಕದ್ದ ಕೂಸು," ಎಂದು ವೆಂಕಟರಮಣಪ್ಪ ತೀರ್ಪು ಕೊಟ್ಟಿದ್ದ. "ಕೊಳ್ಳೋರನ್ನ ಹುಡುಕ್ತಾ ಅವ್ನೆ. ತಿಂಡಿ ಆದ್ಮೇಲೆ ದಿನಾ ಹಿತ್ತಲ ಹುಣಸೆಮರದ ಹಿಂದಕ್ಕೆ ಹೋಗ್ತಾನೆ. ಕಾಲಲ್ಲಿ ಮಣ್ಣೆಳೆದು ಅದೇನೋ ಮುಚ್ಚಿ ಬರ್ತಾನೆ."

"ಹೋಗಿ ನೋಡೋದಪ್ಪಾ," ಎಂದಿದ್ದ ಅಪ್ಪಯ್ಯಣ್ಣ.

"ಗಲ್ಲಾ ಯಾರು ಕಾಯ್ತಾರೆ, ನಿಮ್ಮಪ್ಪನಾ?"

ಮುನಿರತ್ನಮ್ಮ ಈ ಮಾತುಗಳಿಗೆ ಕಿವಿಗೊಡಲಿಲ್ಲ. ಅವಳ ಭಯ ಬೇರೆ. ಮೂರು ಸಲ ತೊಟ್ಟಿಲು ಕಟ್ಟಿ, ಮೂರು ಸಲವೂ ಬಿಚ್ಚಿದವಳು ಅವಳು. ಆಮೇಲೆ ಯಾರ ಮಗುವನ್ನೂ ಮಡಿಲಿಗೆ ತೆಗೆದುಕೊಂಡಿರಲಿಲ್ಲ. ಈ ಕೂಸು ಮಾತ್ರ ಮೊದಲ ದಿನವೇ, ಅವಳು ಹಾಲೂಡಿಸಲು ಹಿಡಿದ ಒಳಲೆಗೆ ಕೈಚಾಚಿ, ಅವಳ ಸೆರಗು ಹಿಡಿದುಬಿಟ್ಟಿತ್ತು. ಇದು ಬಾರದ ದಿನವೊಂದು ಬಂದೇ ಬರುವುದೆಂದು ಅವಳಿಗೆ ಗೊತ್ತಿತ್ತು. ಹಾಗೆಂದೇ ಹಾಲೂಡಿಸುವಾಗ ಅದರ ಮುಖ ನೋಡದೆ ಗೋಡೆ ನೋಡುತ್ತಿದ್ದಳು.

ಈ ದಿನ ಚಿಕ್ಕಬೀರಪ್ಪ ಉಪ್ಪಿಟ್ಟು ಮುಟ್ಟಲಿಲ್ಲ.

"ಅಕ್ಕಾ, ಇದರ ಹಿಂದಿನ ಎರಡು ಉಳೀಲಿಲ್ಲ. ಇದನ್ನ ತೌಡಿಗೆ ಮಾರಬೇಕು ಅಂತಿದೀನಿ. ನೀವು ಕೊಂಡ್ಕೊಳ್ಳಿ."

ಅದು ಆ ಸೀಮೆಯಲ್ಲಿ ನಡೆದುಬಂದ ಪದ್ಧತಿ. ಮಕ್ಕಳು ನಿಲ್ಲದ ಮನೆಯವರು ಸಾವಿನ ಕಣ್ಣು ತಪ್ಪಿಸಲು ಕೂಸನ್ನು ಬೇರೊಬ್ಬಳಿಗೆ ಒಂದು ಮೊರ ತೌಡಿಗೆ ಮಾರುತ್ತಾರೆ. ಬೀದಿಯ ತಿರುವಿನವರೆಗೆ ಹೋಗಿ ಬಂದು, ಅದೇ ತೌಡನ್ನು ಹಿಂದಕ್ಕೆ ಕೊಟ್ಟು, ಕೂಸನ್ನು ಬಿಡಿಸಿಕೊಳ್ಳುತ್ತಾರೆ. ಆದರೆ ಕೊಳ್ಳುವವಳು ಮನೆ ತುಂಬ ಮಕ್ಕಳಿದ್ದವಳಾಗಬೇಕು.

"ನಂದು ಬರಿದು ಮಡಿಲು ಅಣ್ಣಾ. ಮುನಿಗಂಗಮ್ಮನ ಮನೆಗೆ ಹೋಗಿ. ಆರು ಮಕ್ಕಳು, ಆರೂ ಗುಂಡುಕಲ್ಲಿನಂಗವೆ."

"ಆರು ಮಕ್ಕಳ ತಾಯಿ ಕೈಗೆ ಬಿಡುವಿರಲ್ಲಕ್ಕ. ನಿಮ್ಮ ಕೈಯೇ ಆಗಬೇಕು."

"ಹೆಸರೇನು ಇದರದು?"

"ಇಟ್ಟಿಲ್ಲ. ಕೊಂಡೋರೇ ಇಡಲಿ ಅಂತ ಬಿಟ್ಟಿದೀನಿ."

ವೆಂಕಟರಮಣಪ್ಪ ಒಳಗೆ ಬಂದು ದನಿ ತಗ್ಗಿಸಿದ. "ಬೇಡ ಕಣೆ. ಹಿಂದಕ್ಕೆ ಕೊಡೋವಾಗ ಅಳೋಳು ನೀನೇ."

"ಬೀದಿ ತಿರುವಿಗೆ ಹೋಗಿ ಬರೋವಷ್ಟು ಹೊತ್ತು," ಎಂದಳು ಅವಳು. "ಅಷ್ಟೂ ಬೇಡವಾ ನಂಗೆ?"

ಅವನು ಎಮ್ಮೆಗಿಟ್ಟ ತೌಡಿನ ಚೀಲವನ್ನು ತಾನೇ ಬಿಚ್ಚಿ ಮೊರ ತುಂಬಿಕೊಟ್ಟ.

ಚಿಕ್ಕಬೀರಪ್ಪ ಹರಕು ಕಂಬಳಿಯ ಅಂಚು ಚಾಚಿ ತೌಡನ್ನು ಸುರಿಸಿಕೊಂಡ. ಕೂಸಿನ ಹಿಮ್ಮಡಿಯ ಕಡೆಗೆ ಒಂದು ಬೆರಳು ಹೋಯಿತು. ತಾಗುವ ಮುನ್ನ ಹಿಂದೆ ಸರಿಯಿತು. "ನಿಮ್ಮ ಕೂಸು ತಾಯಿ," ಎಂದ, ಪದ್ಧತಿಯಲ್ಲಿ ಹೇಳಬೇಕಾದಂತೆಯೇ. ಹಿತ್ತಲ ದಾರಿ ಹಿಡಿದು ಹೋದ.

ಮುನಿರತ್ನಮ್ಮ ಒಲೆಯ ಮುಂದೆ ಕುಳಿತಳು. ಕಣ್ಣು ಮುಚ್ಚಿಕೊಂಡಳು, ಇಷ್ಟು ಹೊತ್ತಿಗಾಗಿ ಒಂದು ಮುಖವನ್ನು ಕಲಿತು ಏನು ಮಾಡುವುದು? ಕೂಸು ಅವಳ ಹೆಬ್ಬೆರಳು ಹಿಡಿದು ಹಾಗೆಯೇ ನಿದ್ದೆಹೋಯಿತು. ಹೊರಗೆ ಇದ್ದಿಲು ಬಸ್ಸು ಕೆಮ್ಮಿ, ಹೊಗೆ ಕಕ್ಕಿ, ಹೊರಟುಹೋಯಿತು. ಹಾಲು ಉಕ್ಕಿ ಕೆಂಡದ ಮೇಲೆ ಚೆಲ್ಲಿತು.

ಬೀದಿಯ ತಿರುವು ಅಷ್ಟು ದೂರವಿರಲಿಲ್ಲ.

ಅವಳು ಕೂಸನ್ನೆತ್ತಿಕೊಂಡು ಹಿತ್ತಲಿಗೆ ನಡೆದಳು. ಹುಣಸೆಮರದ ಹಿಂದೆ ಅವನು ಕಾಲಲ್ಲಿ ಎಳೆದ ಮಣ್ಣನ್ನು ಕೋಳಿಗಳು ಕೆದಕಿದ್ದವು. ಅಡಿಯಲ್ಲಿ, ಕಪ್ಪಗೆ ಒಣಗಿದ್ದರ ಮೇಲೆ ಇನ್ನೂ ಹಸಿಯಾಗಿ, ಕೆಮ್ಮಿ ಉಗುಳಿದ ನೆತ್ತರು. ಅವಳ ಕೈ ತಾನಾಗಿ ಸೆರಗೆಳೆದು ಕೂಸಿನ ಮೋರೆಗೆ ಅಡ್ಡ ಹಿಡಿಯಿತು.

ಆಚೆಗೆ, ಗೂಟಕ್ಕೆ ಕಟ್ಟಿದ್ದ ಎಮ್ಮೆ, ಕೂಸನ್ನು ಬಿಡಿಸಿಕೊಳ್ಳಲು ಬೇಕಾಗಿದ್ದ, ಚಿಕ್ಕಬೀರಪ್ಪ ಸುರಿದುಹೋಗಿದ್ದ ತೌಡಿನ ಕೊನೆಯ ಹುಡಿಯನ್ನು ತನ್ನ ಬಾನಿಯಿಂದ ನೆಕ್ಕುತ್ತಿತ್ತು.